ಗದಗ: ಬೆಳೆದೂ ಹಿಂದೆ ಉಳಿದ ನಗರದ ಚರಿತ್ರೆ

1901ರ ಜನಗಣತಿಯ ಅಂಕಿಗಳಲ್ಲಿ ಒಂದು ಕುತೂಹಲದ ಸಂಗತಿಯಿದೆ. ಆಗ ಧಾರವಾಡ ಪಟ್ಟಣದ ಜನಸಂಖ್ಯೆ 31,279. ಗದಗಿನದು 30,652. ಎರಡು ಊರುಗಳ ನಡುವಿನ ಅಂತರ ಏಳುನೂರನ್ನೂ ಮುಟ್ಟುವುದಿಲ್ಲ. ಹುಬ್ಬಳ್ಳಿ 60,214 ಜನರಿದ್ದ ದೊಡ್ಡ ಪೇಟೆ. ಮೈಸೂರು ಸಂಸ್ಥಾನದ ದಾವಣಗೆರೆಯಲ್ಲಿ ಆಗ ಇದ್ದವರು ಸುಮಾರು 10 ಸಾವಿರ ಮಂದಿ, ಅಂದರೆ ಗದಗಿನ ಮೂರನೆಯ ಒಂದು ಪಾಲು.

ನೂರಹತ್ತು ವರ್ಷಗಳ ನಂತರದ, 2011ರ ಜನಗಣತಿಯನ್ನು ನೋಡಿ. ಹುಬ್ಬಳ್ಳಿ-ಧಾರವಾಡ ಮಹಾನಗರದ ಜನಸಂಖ್ಯೆ 9 ಲಕ್ಷ 43 ಸಾವಿರ. ದಾವಣಗೆರೆ 4 ಲಕ್ಷ 34 ಸಾವಿರ ದಾಟಿದೆ. ಗದಗ-ಬೆಟಗೇರಿ ಅವಳಿ ನಗರದ ಜನಸಂಖ್ಯೆ 1 ಲಕ್ಷ 72 ಸಾವಿರ. ಹುಬ್ಬಳ್ಳಿ ಮತ್ತು ಧಾರವಾಡ ಒಟ್ಟಾಗಿ ಹತ್ತು ಪಟ್ಟು ಬೆಳೆದವು, ದಾವಣಗೆರೆ ನಲವತ್ತು ಪಟ್ಟು ಬೆಳೆಯಿತು. ಗದಗ ಆರು ಪಟ್ಟನ್ನೂ ತಲಪಲಿಲ್ಲ. 2001ರಿಂದ 2011ರವರೆಗಿನ ಹತ್ತು ವರ್ಷಗಳಲ್ಲಿ ಕರ್ನಾಟಕದ ನಗರವಾಸಿಗಳ ಸಂಖ್ಯೆ ಶೇ. 31ಕ್ಕಿಂತ ಹೆಚ್ಚಾಯಿತು. ಗದಗ-ಬೆಟಗೇರಿಯಲ್ಲಿ ಈ ಏರಿಕೆ ಶೇ. 11ರ ಆಸುಪಾಸಿನಲ್ಲೇ ನಿಂತಿತು.

ಊರು ದೊಡ್ಡದಾಗುವುದೇ ಒಂದು ಸಾಧನೆಯೆಂದು ನಾನು ಹೇಳಲು ಹೊರಟಿಲ್ಲ. ಬೆಂಗಳೂರಿನ ಗತಿಯನ್ನು ಕಂಡವರಾರೂ ಹಾಗೆ ಹೇಳಲಾರರು. ಆದರೆ ಒಂದು ಸೀಮೆಯ ನಡುವಿನ ನಗರ ಬೆಳೆಯದೆ ಹೋದರೆ ಆ ಸೀಮೆಯ ಹಳ್ಳಿಗಳ ಹುಡುಗರು ಹಳ್ಳಿಯಲ್ಲೇ ಉಳಿಯುವುದಿಲ್ಲ. ಅವರು ಆ ನಗರವನ್ನು ದಾಟಿ ಇನ್ನೂ ದೂರ ಹೋಗುತ್ತಾರೆ. ಗದಗ ಜಿಲ್ಲೆಯಲ್ಲಿ ನಡೆದಿರುವುದು ಇದು. ಮುಸ್ಲಿಂ ಸಮುದಾಯಕ್ಕಂತೂ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು. 2001ರ ಗಣತಿಯನ್ನು ಆಧರಿಸಿ 2006ರಲ್ಲಿ ಬಂದ ಸಾಚಾರ್ ಸಮಿತಿಯ ವರದಿಯ ಪ್ರಕಾರ ದೇಶದ ಒಟ್ಟು ಜನರಲ್ಲಿ ಶೇ. 27.8 ಮಂದಿ ನಗರವಾಸಿಗಳಾಗಿದ್ದರೆ ಮುಸ್ಲಿಮರಲ್ಲಿ ಈ ಪ್ರಮಾಣ ಶೇ. 35.7. ಕರ್ನಾಟಕದಲ್ಲಂತೂ ಅರ್ಧಕ್ಕಿಂತ ಹೆಚ್ಚು ಮುಸ್ಲಿಮರು ಪಟ್ಟಣಗಳಲ್ಲಿದ್ದಾರೆ. ಅವರಲ್ಲಿ ಜಮೀನು ಇರುವವರು ಕಡಿಮೆ. ಪೇಟೆಯೇ ಅವರ ಹೊಲ. ಪೇಟೆ ಬತ್ತಿದರೆ ಬರಗಾಲ ಮೊದಲು ತಟ್ಟುವುದು ಅವರ ಮನೆಗೆ.

ಗದಗ ಮೊದಲಿನಿಂದಲೂ ಈ ಸೀಮೆಯ ದೊಡ್ಡ ಊರಾಗಿತ್ತೇ? ತ್ರಿಕೂಟೇಶ್ವರ, ವೀರನಾರಾಯಣ ದೇವಾಲಯಗಳ ಈ ಊರು ಪ್ರಾಚೀನವೇ. ಕುಮಾರವ್ಯಾಸನಿಂದಾಗಿ ಅದರ ಹೆಸರು ಕನ್ನಡಿಗರ ಮನೆಮನೆಯಲ್ಲಿದೆ. ಆದರೆ ಹಳೆಯ ಕಾಲದ ಹಿರಿಮೆಯ ಮಾತು ಬಂದರೆ ನೆರೆಯ ಲಕ್ಷ್ಮೇಶ್ವರವನ್ನು ಮರೆಯುವಂತಿಲ್ಲ. ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಪುಲಿಗೆರೆಯೂ ಒಂದು. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಅಲ್ಲಿ ಶಂಖ ಬಸದಿಯಿದೆ, ಸೋಮೇಶ್ವರ ದೇವಾಲಯವಿದೆ, 17ನೆಯ ಶತಮಾನದ ಆರಂಭದಲ್ಲಿ ಆದಿಲ್‌ಶಾಹಿ ಅಧಿಕಾರಿ ಅಂಕುಶ್ ಖಾನ್ ಕಟ್ಟಿಸಿದ ಜುಮ್ಮಾ ಮಸೀದಿಯಿದೆ, ಎಲ್ಲ ಜಾತಿಯವರೂ ನಡೆದುಕೊಳ್ಳುವ ದೂದನಾನಾ ದರ್ಗಾ ಇದೆ. ಅನತಿ ದೂರದ ಶಿರಹಟ್ಟಿಯಲ್ಲಿ ಫಕೀರೇಶ್ವರ ಮಠ. ಫಕೀರನ ಹೆಸರು ಹೊತ್ತ ಮಠವೊಂದು ಲಿಂಗಾಯತ ಮುಸಲ್ಮಾನರಿಬ್ಬರನ್ನೂ ಭಕ್ತರನ್ನಾಗಿ ಪಡೆದದ್ದು ಈ ನೆಲದ ಗುಣ. ಗದಗಿನಲ್ಲೇ ವೀರನಾರಾಯಣ, ತ್ರಿಕೂಟೇಶ್ವರ ದೇವಾಲಯಗಳೂ ಜುಮ್ಮಾ ಮಸೀದಿಯೂ ಒಂದೇ ಟ್ರಸ್ಟಿನ ಆಡಳಿತದಲ್ಲಿ ನಡೆದುಬಂದಿವೆ. ಒಂದೇ ಪೇಟೆಯಲ್ಲಿ ಕೊಟ್ಟು ಕೊಂಡು ಬದುಕುವ ಜನರಿಗೆ ಇದು ವಿಚಿತ್ರವೆಂದು ಅನ್ನಿಸಲೇ ಇಲ್ಲ.

ಹೀಗೆ ಹಳೆಯ ಲೆಕ್ಕದಲ್ಲಿ ಹಿರಿದಾಗಿದ್ದ ಲಕ್ಷ್ಮೇಶ್ವರವನ್ನು ಗದಗ ಹಿಂದೆ ಹಾಕಿದ್ದು ಹತ್ತಿಯಿಂದ ಮತ್ತು ರೈಲಿನಿಂದ.

ಈ ಭಾಗದ್ದು ಎರೆ ಭೂಮಿ. ಮಳೆ ಕಡಿಮೆಯಾದರೂ ನೆಲ ತೇವವನ್ನು ಹಿಡಿದಿಡುತ್ತದೆ. ಹತ್ತಿಗೆ ಹೇಳಿಮಾಡಿಸಿದಂತಿದೆ. ರೈಲು ಬರುವ ಮುಂಚೆ ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳ ಮೇಲೆ, ಲಂಬಾಣಿಗರ ಹೇರೆತ್ತುಗಳ ಮೇಲೆ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ. ಹಾಗಾಗಿಯೇ ಮುಂಬಯಿಯ ವ್ಯಾಪಾರಿಗಳು ಈ ನಾಡಿನ ಹತ್ತಿಯನ್ನು 'ಕುಮಟಾ' ಎಂದೇ ಕರೆದರು. ಬೆಳೆದ ಊರಿನ ಹೆಸರು ಯಾರಿಗೂ ಬೇಕಿರಲಿಲ್ಲ, ಹಡಗು ಹತ್ತಿಸಿದ ಊರಿನ ಹೆಸರು ಸಾಕಾಗಿತ್ತು. 1840ರ ದಶಕದಲ್ಲಿ ಕಂಪೆನಿ ಸರಕಾರ ಅಮೆರಿಕದ ತಳಿಯನ್ನು ಇಲ್ಲಿಗೆ ತಂದು ಬೆಳೆಸಿತು. 'ಧಾರವಾಡ-ಅಮೆರಿಕನ್' ಎಂಬ ಹೆಸರು ಹುಟ್ಟಿದ್ದು ಹಾಗೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತುಹೋಯಿತು. ಇಲ್ಲಿನ ಹತ್ತಿಗೆ ಎಂದೂ ಕಾಣದ ಬೆಲೆ ಬಂತು. ಯುದ್ಧ ಮುಗಿದ ಕೂಡಲೇ ಬೆಲೆ ಬಿತ್ತು. ಏರಿದ ಬೆಲೆಯನ್ನು ನಂಬಿ ಸಾಲ ಮಾಡಿದ್ದ ರೈತ ಸಾಹುಕಾರನ ಪುಸ್ತಕದಲ್ಲಿ ಉಳಿದ.

ಇದಾದ ಹತ್ತೇ ವರ್ಷಕ್ಕೆ 1876-78ರ ಮಹಾ ಕ್ಷಾಮ. 1872ರಲ್ಲಿ ಹತ್ತು ಲಕ್ಷದ ಹತ್ತಿರವಿದ್ದ ಧಾರವಾಡ ಜಿಲ್ಲೆಯ ಜನಸಂಖ್ಯೆ 1881ರಲ್ಲಿ ಒಂಬತ್ತು ಲಕ್ಷಕ್ಕಿಂತ ಕೆಳಗೆ ಇಳಿದಿತ್ತು. ಒಂದು ಲಕ್ಷ ಜನರ ಇಳಿಕೆಯೆಂದರೆ 1901ರ ಲೆಕ್ಕದ ಮೂರು ಗದಗಗಳು ಅಳಿಸಿಹೋದಂತೆ. ಕ್ಷಾಮದ ಕಾಲದಲ್ಲಿ ಧಾನ್ಯ ಸಾಗಿಸಲು ದಾರಿಯಿರಲಿಲ್ಲ ಎಂಬ ಕಾರಣವನ್ನು ಮುಂದಿಟ್ಟು ಸದರ್ನ್ ಮರಾಠಾ ರೈಲ್ವೆ ಕಂಪೆನಿ 1882ರಲ್ಲಿ ಹುಟ್ಟಿತು. 1884ರಲ್ಲಿ ಗದಗಿಗೆ ರೈಲು ಬಂತು. ಒಂದು ಹಾದಿ ಹುಬ್ಬಳ್ಳಿಗೆ, ಒಂದು ಬಳ್ಳಾರಿಯ ಕಡೆಗೆ, ಇನ್ನೊಂದು ವಿಜಾಪುರದ ಮೂಲಕ ಹೊಟಗಿಗೆ. ಗದಗ ಜಂಕ್ಷನ್ ಆಯಿತು. 1888ರ ಹೊತ್ತಿಗೆ ಗೋವೆಯ ಮರ್ಮಗೋವಾ ಬಂದರಿಗೂ ಸಂಪರ್ಕ ಒದಗಿತು. ಕುಮಟಾ ಬಂದರು ತನ್ನ ಹತ್ತಿಯನ್ನು ಕಳೆದುಕೊಂಡಿತು. ಧಾನ್ಯ ತರಲೆಂದು ಹಾಕಿದ ಹಳಿಯ ಮೇಲೆ ಹೆಚ್ಚಾಗಿ ಓಡಿದ್ದು ಹತ್ತಿಯ ಅಂಡಿಗೆಗಳು.

ಈ ರೈಲು ಯಾವ ಊರುಗಳನ್ನು ಬಿಟ್ಟುಹೋಯಿತು ಎಂಬುದನ್ನೂ ನೋಡಬೇಕು. ಹುಬ್ಬಳ್ಳಿಯಿಂದ ಗದಗಿಗೆ ಬಂದ ಹಾದಿ ಅಣ್ಣಿಗೇರಿಯ ಮೇಲೆ ಹೋಯಿತು. ಹುಬ್ಬಳ್ಳಿಯಿಂದ ಹರಿಹರಕ್ಕೆ ಹೋದ ಹಾದಿ ಗುಡಗೇರಿ, ಯಲವಿಗಿಗಳ ಮೇಲೆ ಹೋಯಿತು. ಈ ಎರಡು ಹಾದಿಗಳ ನಡುವೆ ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಅವುಗಳ ಸುತ್ತಲಿನ ಹಳ್ಳಿಗಳು ಉಳಿದುಬಿಟ್ಟವು. ಇದಕ್ಕೆ ನೆಲದ ಏರಿಳಿತ ಕಾರಣವಿರಬಹುದು. ಆದರೆ ಆಡಳಿತದ ನಕ್ಷೆಯೂ ಈ ಊರುಗಳಿಗೆ ಅನುಕೂಲವಾಗಿರಲಿಲ್ಲ. ಗದಗ ಮತ್ತು ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿದ್ದವು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಒಂದು ದಿನದ ನಡಿಗೆಯಲ್ಲಿ ಮೂರು ಸರಕಾರಗಳನ್ನು ದಾಟಬೇಕಾಗಿದ್ದ ಸೀಮೆ ಇದು. ನೂರಾರು ಮೈಲಿ ದೂರದ ಮರಾಠಿ ರಾಜಧಾನಿಗಳಿಗೆ ಈ ಕನ್ನಡದ ತಾಲೂಕುಗಳು ಕಂದಾಯ ಕಳಿಸುವ ಊರುಗಳಾಗಿದ್ದವು, ಅಷ್ಟೆ. 1948ರಲ್ಲಿ ಸಂಸ್ಥಾನಗಳು ವಿಲೀನವಾಗುವವರೆಗೂ ಇದು ಹೀಗೆಯೇ ಇತ್ತು.

ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ ಈ ಮೂರರ ನಡುವೆ ಇರುವ ಹಳ್ಳಿ ಮಾಗಡಿ. ಶಿರಹಟ್ಟಿಗೆ 8 ಕಿಲೋಮೀಟರ್, ಲಕ್ಷ್ಮೇಶ್ವರಕ್ಕೆ 11, ಗದಗಿಗೆ 26. ಮಾಗಡಿಯಂಥ ಊರಿನ ರೈತ ತನ್ನ ಬೆಳೆಯನ್ನು ಎಲ್ಲಿಗೆ ಒಯ್ಯುತ್ತಾನೆ ಎಂಬುದರಲ್ಲಿ ಈ ಸೀಮೆಯ ಅರ್ಥವ್ಯವಸ್ಥೆ ಅಡಗಿದೆ. ಸಂತೆಗೆ ಲಕ್ಷ್ಮೇಶ್ವರ, ಕಚೇರಿಗೆ ಶಿರಹಟ್ಟಿ, ಆದರೆ ಗಾಡಿ ತುಂಬ ಹತ್ತಿಯೋ ಶೇಂಗಾವೋ ಇದ್ದರೆ ಗದಗ. ಏಕೆಂದರೆ ಹತ್ತಿ ಅರೆಯುವ ಜಿನ್ನುಗಳು, ಅಂಡಿಗೆ ಕಟ್ಟುವ ಪ್ರೆಸ್ಸುಗಳು, ಅಡತಿ ಅಂಗಡಿಗಳು ಇದ್ದದ್ದು ರೈಲು ನಿಂತ ಊರಿನಲ್ಲಿ. 20ನೆಯ ಶತಮಾನದ ಆರಂಭದಲ್ಲಿ ಗದಗಿನಲ್ಲಿ ಜಿನ್ನಿಂಗ್, ಪ್ರೆಸ್ಸಿಂಗ್ ಕಾರ್ಖಾನೆಗಳ ಜೊತೆಗೆ ನೂಲಿನ ಗಿರಣಿಯೊಂದೂ ಇತ್ತು. 1898ರ ಸುಮಾರಿಗೆ ಬಂದ ಪ್ಲೇಗು ಹುಬ್ಬಳ್ಳಿ, ಗದಗಗಳನ್ನು ಬಹಳವಾಗಿ ಕಾಡಿತ್ತು. ರೈಲಿನಲ್ಲಿ ವ್ಯಾಪಾರದ ಜೊತೆಗೆ ರೋಗವೂ ಬಂದಿತ್ತು. ಆದರೂ ಊರು ಚೇತರಿಸಿಕೊಂಡಿತು.

ಈ ವ್ಯಾಪಾರದ ದುಡ್ಡು ಎಲ್ಲಿ ಹೋಯಿತು? ಗದಗಿನ ಚರಿತ್ರೆಯ ಮುಖ್ಯ ಪ್ರಶ್ನೆ ಇದೇ ಎಂದು ನನಗನ್ನಿಸುತ್ತದೆ. ಬೀಜ ತೆಗೆದ ಅರಳೆ ಅಂಡಿಗೆಯಾಗಿ ಮುಂಬಯಿಗೆ ಹೋಗುತ್ತಿತ್ತು. ನೂಲು ತೆಗೆಯುವುದು, ನೇಯುವುದು, ಬಣ್ಣ ಹಾಕುವುದು, ಅಂದರೆ ಹೆಚ್ಚು ಕೈಗಳಿಗೆ ಕೆಲಸವನ್ನೂ ಹೆಚ್ಚು ಲಾಭವನ್ನೂ ಕೊಡುವ ಕೆಲಸಗಳೆಲ್ಲ ಬಹುಪಾಲು ಬೇರೆಡೆ ನಡೆದವು. ಗದಗಿನಲ್ಲಿ ಉಳಿದದ್ದು ದಲಾಲಿ, ಹಮಾಲಿ ಮತ್ತು ಬಡ್ಡಿ. ಜಿನ್ನು ವರ್ಷದಲ್ಲಿ ನಾಲ್ಕಾರು ತಿಂಗಳು ನಡೆಯುತ್ತದೆ. ಉಳಿದ ಕಾಲದಲ್ಲಿ ಕೂಲಿಯವನ ಒಲೆ ಉರಿಯುವ ಖಾತ್ರಿ ಇರುವುದಿಲ್ಲ. ಸರಕು ಕೈದಾಟುವ ಪೇಟೆ ಬೇರೆ, ಸರಕು ತಯಾರಾಗುವ ಊರು ಬೇರೆ. ಗದಗ ಮೊದಲನೆಯದಾಗಿ ಬೆಳೆಯಿತು, ಎರಡನೆಯದಾಗಲು ಆಗಾಗ ಪ್ರಯತ್ನಿಸಿತು.

ಆ ಪ್ರಯತ್ನಗಳ ಚರಿತ್ರೆ ಸಣ್ಣದೇನಲ್ಲ. 1904ರಲ್ಲಿ ಸಹಕಾರಿ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಅದನ್ನು ಏಷ್ಯಾದಲ್ಲೇ ಮೊದಲನೆಯದು ಎನ್ನುವುದುಂಟು. ಸಾಹುಕಾರನ ಪುಸ್ತಕದಿಂದ ರೈತನನ್ನು ಬಿಡಿಸುವ ಹಾದಿ ಅದಾಗಿತ್ತು. 1910ರ ದಶಕದಲ್ಲಿ ಹುಬ್ಬಳ್ಳಿ, ಗದಗಗಳಲ್ಲಿ ಹತ್ತಿ ಮಾರಾಟದ ಸಹಕಾರಿ ಸಂಘಗಳು ಹುಟ್ಟಿದವು. ರೈತರ ಹತ್ತಿಯನ್ನು ಒಟ್ಟುಗೂಡಿಸಿ, ದರ್ಜೆ ಮಾಡಿ, ಎಲ್ಲರೆದುರು ಹರಾಜು ಹಾಕುವ ಪದ್ಧತಿ ಬಂತು. ಅಲ್ಲಿಯವರೆಗೆ ದಲಾಲರು ವಸ್ತ್ರದ ಮರೆಯಲ್ಲಿ ಬೆರಳು ಒತ್ತಿ ದರ ಕುದುರಿಸುತ್ತಿದ್ದರು. ಎದುರಿಗೇ ನಿಂತ ರೈತನಿಗೆ ತನ್ನ ಮಾಲಿನ ಬೆಲೆ ಕಾಣುತ್ತಿರಲಿಲ್ಲ. ಕೃಷಿ ಇಲಾಖೆ ಧಾರವಾಡ-ಅಮೆರಿಕನ್‌ನಿಂದ ಆರಿಸಿದ ತಳಿಗೆ 'ಗದಗ-1' ಎಂದು ಹೆಸರಿಟ್ಟಿತು. ಅದನ್ನು ಕಾಂಬೋಡಿಯಾ ತಳಿಯೊಡನೆ ಕೂಡಿಸಿ ಮುಂದೆ 'ಲಕ್ಷ್ಮಿ' ಎಂಬ ಪ್ರಸಿದ್ಧ ತಳಿ ಬಂತು. ಕುಮಟಾದ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಹತ್ತಿಗೆ ಕೊನೆಗೂ ಗದಗಿನ ಹೆಸರು ಸಿಕ್ಕಿತು!

ಅರಳೆಯನ್ನು ಊರಲ್ಲೇ ಬಟ್ಟೆ ಮಾಡುವ ಕೆಲಸ ನಡೆದದ್ದು ಬೆಟಗೇರಿಯಲ್ಲಿ. ಅದು ಮಗ್ಗಗಳ ಊರು. ಬೆಟಗೇರಿಯ ಸೀರೆ ಈ ಭಾಗದ ಹೆಂಗಸರ ಮೈಮೇಲೆ ಇತ್ತು. ಕೈಮಗ್ಗದ ಜಾಗಕ್ಕೆ ವಿದ್ಯುತ್ ಮಗ್ಗ ಬಂತು, ಆಮೇಲೆ ಸೂರತ್ತಿನ ಕೃತಕ ನೂಲಿನ ಸೀರೆ ಎರಡನ್ನೂ ಹಿಂದಕ್ಕೆ ತಳ್ಳಿತು. ನೇಕಾರರಲ್ಲಿ ಹಲವರು ಇಂದಿಗೂ ನೇಯುತ್ತಿದ್ದಾರೆ. ಅವರ ಮಕ್ಕಳಲ್ಲಿ ನೇಯುವವರು ಕಡಿಮೆ.

ಹತ್ತಿಯ ಮಾತಿನಲ್ಲಿ ಪಿಂಜಾರರನ್ನು ಬಿಡಲಾಗದು. ನದಾಫರೆಂದೂ ಕರೆಸಿಕೊಳ್ಳುವ ಇವರು ಅರಳೆ ಹಿಂಜಿ ಗಾದಿ, ದಿಂಬು ತುಂಬುವ ಮುಸ್ಲಿಮರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮನೆಮಾತಾಗಿ ಕನ್ನಡವನ್ನೇ ಆಡುವವರು. ಹೆಗಲ ಮೇಲೆ ಬಿಲ್ಲು ಹೊತ್ತು ಊರೂರು ಅಲೆದು, ಮದುವೆ ಮನೆಯ ಗಾದಿ ತುಂಬಿ ಕಾಳು ಕಡಿ ಪಡೆದು ಬರುತ್ತಿದ್ದರು. ಬಿಲ್ಲಿನ ಹೆದೆಯ ಸದ್ದು ಕೇಳಿದರೆ ಓಣಿಯ ಮಕ್ಕಳು ಸುತ್ತ ನೆರೆಯುತ್ತಿದ್ದರು. ಹಿಂಜುವ ಯಂತ್ರ ಬಂದಾಗ ಬಿಲ್ಲು ಮೂಲೆ ಸೇರಿತು, ಫೋಮಿನ ಹಾಸಿಗೆ ಬಂದಾಗ ಯಂತ್ರವೂ ಮೂಲೆ ಸೇರಿತು. ಸರಕಾರ ಈ ಸಮುದಾಯವನ್ನು ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಇಟ್ಟಿದೆ. ಆದರೆ ಮೀಸಲಾತಿ ಓದಿದವನಿಗೆ ಸಿಗುವ ಸವಲತ್ತು, ಕಸುಬು ಕಳೆದುಕೊಂಡ ನಡುವಯಸ್ಸಿನವನಿಗಲ್ಲ. ಗದಗಿನಲ್ಲಿ ನೂಲುವ, ನೇಯುವ ಕಾರ್ಖಾನೆಗಳು ಬೇರುಬಿಟ್ಟಿದ್ದರೆ ಹತ್ತಿಯ ಗುಣವನ್ನು ಬೆರಳ ತುದಿಯಲ್ಲಿ ಅರಿತ ಈ ಜನಕ್ಕೆ ಅಲ್ಲೊಂದು ಜಾಗ ಇರುತ್ತಿತ್ತು. ಅದಿಲ್ಲವಾಗಿ ಗ್ಯಾರೇಜು, ಗಾರೆ ಕೆಲಸ, ತಳ್ಳುಗಾಡಿ ಇವು ಅವರ ಪಾಲಿಗೆ ಬಂದವು.

ದುಡ್ಡು ಊರಿನಲ್ಲಿಯೇ ನಿಂತು ಕೆಲಸ ಹುಟ್ಟಿಸಿದ ಇನ್ನೊಂದು ಉದ್ಯಮ ಮುದ್ರಣ. ಗದಗನ್ನು ಮುದ್ರಣ ಕಾಶಿ ಎಂದು ಕರೆದದ್ದು ಬರಿಯ ಅಭಿಮಾನದಿಂದಲ್ಲ. ಶಾಲಾ ಪುಸ್ತಕ, ನೋಟುಬುಕ್ಕು, ಪಂಚಾಂಗ, ಪುರಾಣ, ಕಂಪೆನಿ ನಾಟಕದ ಪುಸ್ತಕಗಳು ಇಲ್ಲಿಂದ ಕನ್ನಡನಾಡಿನ ಮೂಲೆಮೂಲೆಗೆ ಹೋದವು. ಪಂಚಾಕ್ಷರ ಗವಾಯಿಗಳ ಪುಣ್ಯಾಶ್ರಮ ಇದ್ದ, ನಾಟಕ ಕಂಪೆನಿಗಳು ಕ್ಯಾಂಪು ಹಾಕುತ್ತಿದ್ದ ಊರಿನಲ್ಲಿ ನಾಟಕದ ಪುಸ್ತಕಕ್ಕೆ ಗಿರಾಕಿ ಸಿಗುವುದು ಸಹಜ. ಅಚ್ಚಿನ ಮೊಳೆ ಜೋಡಿಸುವವರು, ಯಂತ್ರ ನಡೆಸುವವರು, ಹಾಳೆ ಮಡಚುವವರು, ಹೊಲಿಯುವವರು ಹೀಗೆ ಒಂದು ಪುಸ್ತಕದ ಹಿಂದೆ ಹತ್ತು ಮನೆ ಉಣ್ಣುತ್ತಿದ್ದವು. ಮುಖ್ಯವಾಗಿ, ಹೊರಗಿನ ಬಂಡವಾಳಕ್ಕೆ ಕಾಯದೆ ಊರಿನ ವ್ಯಾಪಾರಿಗಳೇ ಬೆಳೆಸಿದ ಉದ್ಯಮ ಇದು. ಆಫ್‌ಸೆಟ್ಟು, ಕಂಪ್ಯೂಟರು ಬಂದ ಮೇಲೆ ಬಹಳ ಸಣ್ಣ ಪ್ರೆಸ್ಸುಗಳು ಮುಚ್ಚಿದವು. ದೊಡ್ಡವು ಹೊಸ ಯಂತ್ರಕ್ಕೆ ಹೊಂದಿಕೊಂಡವು.

ಹಾಗಾದರೆ ಧಾರವಾಡ, ಹುಬ್ಬಳ್ಳಿ, ದಾವಣಗೆರೆಗಳಿಗೆ ದೊರೆತು ಗದಗಿಗೆ ದೊರೆಯದೆ ಹೋದದ್ದು ಏನು? ಧಾರವಾಡ ಜಿಲ್ಲೆಯ ಮುಖ್ಯಸ್ಥಳ. 1917ರಲ್ಲಿ ಕರ್ನಾಟಕ ಕಾಲೇಜು, 1950ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ, 1986ರಲ್ಲಿ ಕೃಷಿ ವಿಶ್ವವಿದ್ಯಾಲಯ, 2008ರಲ್ಲಿ ಹೈಕೋರ್ಟಿನ ಪೀಠ, 2016ರಲ್ಲಿ ಐಐಟಿ ಅಲ್ಲಿಗೆ ಬಂದವು. ಹುಬ್ಬಳ್ಳಿಯಲ್ಲಿ ರೈಲ್ವೆಯ ಕಾರ್ಯಾಗಾರ, 1947ರಿಂದ ಇಂಜಿನಿಯರಿಂಗ್ ಕಾಲೇಜು, 1957ರಿಂದ ವೈದ್ಯಕೀಯ ಕಾಲೇಜು, 2003ರಿಂದ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ. ದಾವಣಗೆರೆಯಲ್ಲಿ 1930ರ ದಶಕದಿಂದ ಹತ್ತಿ ಗಿರಣಿಗಳು. ಗಿರಣಿಯ ಕಾಲ ಮುಗಿಯುವ ಮುಂಚೆಯೇ ಅಲ್ಲಿ 1951ರಲ್ಲಿ ಇಂಜಿನಿಯರಿಂಗ್ ಕಾಲೇಜು, 1965ರಲ್ಲಿ ವೈದ್ಯಕೀಯ ಕಾಲೇಜು ಬಂದಿದ್ದವು. ಹತ್ತಿಯಿಂದ ಬಂದ ಸಂಪತ್ತು ಶಿಕ್ಷಣಕ್ಕೆ ಹರಿದದ್ದರಿಂದ ಗಿರಣಿಗಳು ಮುಚ್ಚಿದಾಗಲೂ ಊರು ಕುಸಿಯಲಿಲ್ಲ. ಗದಗಿಗೆ ಸರಕಾರಿ ವೈದ್ಯಕೀಯ ಕಾಲೇಜು ಬಂದದ್ದು 2015ರಲ್ಲಿ. ಹುಬ್ಬಳ್ಳಿಗಿಂತ 58 ವರ್ಷ ತಡವಾಗಿ! ಅಲ್ಲಿಯವರೆಗೆ ಈ ಸೀಮೆಯ ಬಡವರ ಪಾಲಿಗೆ ಆಸ್ಪತ್ರೆಯೆಂದರೆ ಬೆಟಗೇರಿಯ ಬಾಸೆಲ್ ಮಿಶನ್ನಿನವರು ಕಟ್ಟಿದ 'ಜರ್ಮನ್ ಆಸ್ಪತ್ರೆ', ಅದು ಕೈಚೆಲ್ಲಿದರೆ ಹುಬ್ಬಳ್ಳಿಯ ದಾರಿ.

ವಿಶ್ವವಿದ್ಯಾಲಯ, ಆಸ್ಪತ್ರೆ, ನ್ಯಾಯಾಲಯ ಬರಿಯ ಕಟ್ಟಡಗಳಲ್ಲ. ತಿಂಗಳು ತಿಂಗಳು ಸಂಬಳ ಪಡೆಯುವ ಸಾವಿರಾರು ಮಂದಿ, ಬಾಡಿಗೆ ಕೋಣೆ ಹುಡುಕುವ ವಿದ್ಯಾರ್ಥಿಗಳು, ರೋಗಿಯ ಜೊತೆ ಬಂದ ನೆಂಟರು ಇವರೆಲ್ಲ ಪೇಟೆಗೆ ವರ್ಷವಿಡೀ ದುಡ್ಡು ತರುತ್ತಾರೆ. ಮಳೆ ಕೈಕೊಟ್ಟ ವರ್ಷವೂ ತರುತ್ತಾರೆ. ಹತ್ತಿಯೊಂದನ್ನೇ ನಂಬಿದ ಪೇಟೆಗೆ ಆ ಭರವಸೆಯಿರಲಿಲ್ಲ. ಹುಳದ ಕಾಟ, ಬರ, ಬೆಲೆ ಕುಸಿತಗಳಿಂದ ರೈತರು ಹತ್ತಿಯಿಂದ ಗೋವಿನಜೋಳ, ಹೆಸರು, ಕಡಲೆ, ಉಳ್ಳಾಗಡ್ಡಿಗಳ ಕಡೆಗೆ ತಿರುಗಿದಾಗ ಗದಗಿನ ಜಿನ್ನುಗಳ ಸದ್ದು ಕಡಿಮೆಯಾಯಿತು. ಗದಗ ಜಿಲ್ಲೆಯಾದದ್ದು 1997ರಲ್ಲಿ, ದಾವಣಗೆರೆಯ ಜೊತೆಗೇ. ಇಬ್ಬರಿಗೂ ಒಂದೇ ವರ್ಷ ಕುರ್ಚಿ ಸಿಕ್ಕರೂ ಒಬ್ಬನು ಅಷ್ಟರಲ್ಲಿ ಮನೆ ಕಟ್ಟಿಕೊಂಡಿದ್ದ.

ಸ್ಥಳೀಯರು ಕೈಕಟ್ಟಿ ಕೂತಿರಲಿಲ್ಲ. ಪಕ್ಕದ ಹುಲಕೋಟಿಯಲ್ಲಿ ಕೆ.ಎಚ್. ಪಾಟೀಲರ ಮುಂದಾಳ್ತನದಲ್ಲಿ 1970ರ ದಶಕದಲ್ಲಿ ಸಹಕಾರಿ ಜವಳಿ ಗಿರಣಿ ಬಂತು. ರೈತನ ಹತ್ತಿ ರೈತನ ಗಿರಣಿಯಲ್ಲೇ ನೂಲಾಗಬೇಕು ಎಂಬುದು ಅದರ ಹಿಂದಿನ ವಿಚಾರ. ಕಣಗಿನಹಾಳದಿಂದ ಹುಲಕೋಟಿಯವರೆಗಿನ ಈ ಸಹಕಾರದ ಪರಂಪರೆ ಇಡೀ ರಾಜ್ಯಕ್ಕೆ ಮಾದರಿಯಾಗಬಹುದಿತ್ತು. ಆದರೆ ಒಂದು ಗಿರಣಿಯಿಂದ ಒಂದು ಸೀಮೆಯ ದಿಕ್ಕು ಬದಲಾಗದು. ಇನ್ನೊಂದು ಕಡೆ ನೀರಿನ ಕೊರತೆ. ಗದಗಿನ ಹತ್ತಿರ ನದಿಯಿಲ್ಲ, ಕುಡಿಯುವ ನೀರು ಮುಂಡರಗಿಯ ಕಡೆಯಿಂದ, ತುಂಗಭದ್ರೆಯಿಂದ ಬರಬೇಕು. ವಾರಕ್ಕೊಮ್ಮೆ, ಎಷ್ಟೋ ಸಲ ಅದಕ್ಕೂ ತಡವಾಗಿ ನಲ್ಲಿಯಲ್ಲಿ ನೀರು ಕಾಣುವ ಊರೆಂದು ಗದಗ-ಬೆಟಗೇರಿ ಹೆಸರಾಗಿತ್ತು. ಕೊಡಗಳ ಸಾಲಿನಲ್ಲಿ ನಿಂತ ಊರಿಗೆ ಕಾರ್ಖಾನೆ ಕಟ್ಟಲು ಯಾರು ಬರುತ್ತಾರೆ?

ಇದರ ಫಲ ಅಂಕಿಗಳಲ್ಲಿದೆ. 1981ರ ವೇಳೆಗೆ ಗದಗ-ಬೆಟಗೇರಿ 1 ಲಕ್ಷ 17 ಸಾವಿರಕ್ಕೆ ಏರಿತ್ತು. ಅಲ್ಲಿಂದ ಮೂವತ್ತು ವರ್ಷಗಳಲ್ಲಿ ಕೂಡಿದ್ದು 55 ಸಾವಿರ ಮಾತ್ರ. ಲಕ್ಷ್ಮೇಶ್ವರ 2001ರಲ್ಲಿ 33 ಸಾವಿರ ಇದ್ದದ್ದು 2011ರಲ್ಲಿ 36 ಸಾವಿರ ದಾಟಿತು, ಅಷ್ಟೆ. ಇಡೀ ಜಿಲ್ಲೆಯ ಜನಸಂಖ್ಯೆ ಆ ದಶಕದಲ್ಲಿ 9 ಲಕ್ಷ 71 ಸಾವಿರದಿಂದ 10 ಲಕ್ಷ 64 ಸಾವಿರಕ್ಕೆ ಹೋಯಿತು, ಅಂದರೆ ಶೇ. 9.5ರ ಏರಿಕೆ. ರಾಜ್ಯದ ಸರಾಸರಿ ಶೇ. 15.6. ಗದಗಿನ ಮನೆಗಳಲ್ಲಿ ಮಕ್ಕಳು ಕಡಿಮೆ ಹುಟ್ಟಿದ್ದರಿಂದಷ್ಟೇ ಹೀಗಾದದ್ದಲ್ಲ. ಹುಟ್ಟಿದವರು ಬೇರೆ ಊರುಗಳ ಲೆಕ್ಕದಲ್ಲಿ ಸೇರಿದ್ದಾರೆ. ಗೋವೆಯ ಕಟ್ಟಡಗಳಲ್ಲಿ, ಮಂಗಳೂರಿನ ಬಂದರಿನಲ್ಲಿ, ಬೆಂಗಳೂರಿನ ರಸ್ತೆ ಕಾಮಗಾರಿಗಳಲ್ಲಿ ಗದಗ ಸೀಮೆಯ ಕನ್ನಡ ಕೇಳಿಸುತ್ತದೆ. ತಾಂಡಾಗಳಲ್ಲಿ ಸುಗ್ಗಿ ಮುಗಿದ ಮೇಲೆ ಮುದುಕರು ಮತ್ತು ಶಾಲೆಗೆ ಹೋಗುವ ಮಕ್ಕಳೇ ಉಳಿಯುವುದುಂಟು.

ಮಾಗಡಿಯಲ್ಲಿ ಚಳಿಗಾಲ ಇನ್ನೊಂದು ಬಗೆಯ ವಲಸೆಯ ಕಾಲ. ಅಲ್ಲಿನ ಕೆರೆಗೆ ಮಂಗೋಲಿಯಾದಂಥ ದೂರದ ದೇಶಗಳಿಂದ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಕೆರೆಯಲ್ಲಿ ವಿಶ್ರಮಿಸಿ ಸುತ್ತಲಿನ ಕಡಲೆ, ಶೇಂಗಾ ಹೊಲಗಳಲ್ಲಿ ಮೇಯುತ್ತವೆ. ರೈತರು ಬೆಳೆ ಹೋದರೂ ಅವುಗಳನ್ನು ಹೊಡೆಯುವುದಿಲ್ಲ. 2024ರಲ್ಲಿ ಈ ಕೆರೆಗೆ ರಾಮ್‌ಸಾರ್ ತಾಣದ ಮನ್ನಣೆ ದೊರೆಯಿತು. ಆ ಹಕ್ಕಿಗಳನ್ನು ಎಣಿಸುವವರಿದ್ದಾರೆ, ಅದು ಒಳ್ಳೆಯದೇ. ಅದೇ ತಿಂಗಳುಗಳಲ್ಲಿ ಬಸ್ಸು ಹತ್ತಿ ಹೋಗುವ ಜನರನ್ನು ಎಣಿಸಲು ಹತ್ತು ವರ್ಷಕ್ಕೊಮ್ಮೆ ಜನಗಣತಿ ಬರಬೇಕು. ಅದೂ 2011ರ ನಂತರ ನಡೆದಿಲ್ಲ. 2021ರದ್ದು ಮುಂದಕ್ಕೆ ಹೋಗಿ ಈಗ 2027ಕ್ಕೆ ನಿಗದಿಯಾಗಿದೆ.

'ಬೆಳವಣಿಗೆ ಬೇಕು' ಎಂಬ ಕೂಗಿಗೆ ಉತ್ತರವಾಗಿ ಬಂದದ್ದು 2010ರಲ್ಲಿ ಪೋಸ್ಕೋ. ಕೊರಿಯಾದ ಈ ಕಂಪೆನಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯಲ್ಲಿ 32 ಸಾವಿರ ಕೋಟಿ ರೂಪಾಯಿಯ ಉಕ್ಕಿನ ಕಾರ್ಖಾನೆ ಕಟ್ಟುವ ಮಾತಾಯಿತು. ಮೂರು ಸಾವಿರ ಎಕರೆಗೂ ಹೆಚ್ಚು ಭೂಮಿ, ಅದೂ ಎರೆ ಹೊಲಗಳು. ರೈತರು ಎದ್ದರು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಚಳವಳಿಯ ಮುಂದೆ ನಿಂತರು. 2011ರ ಜುಲೈನಲ್ಲಿ ಸರಕಾರ ಭೂಸ್ವಾಧೀನವನ್ನು ನಿಲ್ಲಿಸಿತು. 2013ರಲ್ಲಿ ಕಂಪೆನಿ ಯೋಜನೆಯನ್ನೇ ಕೈಬಿಟ್ಟಿತು. ಜಿಲ್ಲೆಯ ಅಭಿವೃದ್ಧಿಗೆ ಮಠ ಅಡ್ಡ ಬಂತು ಎಂದು ಆಗ ಹೇಳಿದವರಿದ್ದರು. ನನಗೆ ಹಾಗನ್ನಿಸುವುದಿಲ್ಲ. ಆ ಕಾರ್ಖಾನೆಯ ಅದಿರೂ ಕಲ್ಲಿದ್ದಲೂ ಈ ನೆಲದ್ದಲ್ಲ, ಉಕ್ಕು ಈ ಪೇಟೆಯ ಸರಕಲ್ಲ. ಹತ್ತಿಯ ಕಾಲದಲ್ಲಿ ಬೆಳೆಯಾದರೂ ರೈತನ ಕೈಯಲ್ಲಿತ್ತು, ಇಲ್ಲಿ ಹೊಲವೇ ಕೈತಪ್ಪುತ್ತಿತ್ತು. ಹೊಲ ಕೊಟ್ಟವನ ಮಗನಿಗೆ ಗೇಟಿನ ಕಾವಲು ಕೆಲಸ ಸಿಗುವುದನ್ನು ನಾವು ಬೇರೆಡೆ ಕಂಡಿದ್ದೇವೆ. ಅದೇ ರೀತಿ ಕಪ್ಪತಗುಡ್ಡದ ಸೀಮೆಯ ಸಾಲು ಸಾಲು ಗಾಳಿಯಂತ್ರಗಳನ್ನು ನೋಡಿ. ವಿದ್ಯುತ್ತು ತಯಾರಾಗುತ್ತದೆ, ತಂತಿಯಲ್ಲಿ ಹರಿದು ಹೋಗುತ್ತದೆ. ಯಂತ್ರ ನಿಲ್ಲಿಸಿದ ಮೇಲೆ ಅದನ್ನು ಕಾಯಲು ಬೇಕಾದವರು ಕೆಲವೇ ಮಂದಿ. ಲೆಕ್ಕದಲ್ಲಿ ಜಿಲ್ಲೆಯ ಉತ್ಪನ್ನ ಏರುತ್ತದೆ, ಊರಿನಲ್ಲಿ ಕೆಲಸ ಏರುವುದಿಲ್ಲ.

ನಡುಗಾತ್ರದ ಊರುಗಳ ಈ ಸಂಕಟ ನಮ್ಮಲ್ಲಿ ಮಾತ್ರ ಇರುವುದಲ್ಲ. ಕೆನಡಾದ ಕಿಚನರ್ ಎಂಬ ನಗರದ ಉದಾಹರಣೆ ಇಲ್ಲಿಗೆ ಹೊಂದುತ್ತದೆ. ಜರ್ಮನ್ ವಲಸಿಗರು ಕಟ್ಟಿದ ಆ ಊರಿಗೆ 1916ರವರೆಗೆ ಬರ್ಲಿನ್ ಎಂದೇ ಹೆಸರಿತ್ತು. ಚರ್ಮ ಹದ ಮಾಡುವುದು, ಪೀಠೋಪಕರಣ, ಗುಂಡಿ, ಆಮೇಲೆ ಟಯರು ಇವು ಅದರ ಉದ್ಯಮಗಳು. 1957ರಲ್ಲಿ, ಕಾರ್ಖಾನೆಗಳು ಇನ್ನೂ ಚೆನ್ನಾಗಿ ನಡೆಯುತ್ತಿದ್ದಾಗಲೇ, ಅಲ್ಲಿನ ಉದ್ಯಮಿಗಳ ಬೆಂಬಲದಿಂದ ಜೊತೆಯ ಊರಾದ ವಾಟರ್ಲೂನಲ್ಲಿ ವಿಶ್ವವಿದ್ಯಾಲಯ ಹುಟ್ಟಿತು. ಕೆಲವು ತಿಂಗಳು ಪಾಠ, ಕೆಲವು ತಿಂಗಳು ಸಂಬಳದ ಕೆಲಸ ಎಂಬ ಪದ್ಧತಿ ಅದರದ್ದು. ಮುಂದೆ ಟಯರು, ಚರ್ಮದ ಕಾರ್ಖಾನೆಗಳು ಮುಚ್ಚಿದಾಗ ಆ ವಿದ್ಯಾರ್ಥಿಗಳ ಕೈಯಿಂದಲೇ ಹೊಸ ಉದ್ಯಮಗಳು ಎದ್ದವು. 2021ರ ಗಣತಿಯಲ್ಲಿ ಆ ಮಹಾನಗರ ಪ್ರದೇಶದ ಜನಸಂಖ್ಯೆ 5 ಲಕ್ಷ 75 ಸಾವಿರ, ಐದು ವರ್ಷಗಳಲ್ಲಿ ಶೇ. 10ರ ಸಮೀಪದ ಏರಿಕೆ. ಅವರಿಗೆ ವಲಸಿಗರನ್ನು ಕರೆದುಕೊಳ್ಳುವ ಸರಕಾರವಿತ್ತು, ನಮಗೆ ವಲಸೆ ಕಳಿಸುವ ಅನಿವಾರ್ಯತೆಯಿದೆ. ಹಾಗಾಗಿ ಅಂಕಿಗೆ ಅಂಕಿ ಹೋಲಿಸುವುದು ಸರಿಯಲ್ಲ. ಆದರೆ ಹಳೆಯ ಉದ್ಯಮ ಬದುಕಿರುವಾಗಲೇ ಅದರ ಹಣದಿಂದ ಮುಂದಿನದಕ್ಕೆ ಅಡಿಪಾಯ ಹಾಕಿದ್ದು ಗಮನಿಸಬೇಕಾದ್ದು. ದಾವಣಗೆರೆ ಮಾಡಿದ್ದೂ ಅದನ್ನೇ.

ಗದಗ ಈ ಕೆಲಸವನ್ನು ತಡವಾಗಿ ಆರಂಭಿಸಿದೆ. ವೈದ್ಯಕೀಯ ಕಾಲೇಜಿನ ಮರುವರ್ಷ, 2016ರಲ್ಲಿ, ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಗದಗಿಗೆ ಬಂತು. ನಾಗಾವಿಯ ಗುಡ್ಡದ ಬಳಿ ಅದರ ಆವರಣವಿದೆ. ಕಣಗಿನಹಾಳದ ತಾಲೂಕಿಗೆ ಇದಕ್ಕಿಂತ ಹೊಂದುವ ವಿಶ್ವವಿದ್ಯಾಲಯ ಇನ್ನೊಂದಿಲ್ಲ. ಅದು ಬರಿಯ ಪದವಿ ಕೊಡುವುದೋ, ಬೆಟಗೇರಿಯ ಮಗ್ಗ, ಗದಗಿನ ಪ್ರೆಸ್ಸು, ಲಕ್ಷ್ಮೇಶ್ವರದ ಸಂತೆಗಳ ಜೊತೆ ನಂಟು ಬೆಳೆಸುವುದೋ ಎಂಬುದು ಅಲ್ಲಿನ ಅಧ್ಯಾಪಕರ ಕೈಯಲ್ಲಿದೆ. ನಮ್ಮ ಸಮುದಾಯದ ಶಿಕ್ಷಣ ಸಂಸ್ಥೆಗಳೂ ಜಮಾಅತ್‌ಗಳೂ ಇಲ್ಲಿ ಮಾಡಬಹುದಾದ್ದಿದೆ. ಪಿಂಜಾರರ, ನೇಕಾರರ ಮನೆಯ ಹುಡುಗ ಹುಡುಗಿಯರು ಎಸ್ಸೆಸ್ಸೆಲ್ಸಿಯಾದ ಮೇಲೆ ಎಲ್ಲಿ ಹೋಗುತ್ತಿದ್ದಾರೆ, ಮನೆಯ ಹತ್ತಿರವೇ ಬಂದ ಈ ಎರಡು ಸಂಸ್ಥೆಗಳಲ್ಲಿ ಎಷ್ಟು ಮಂದಿ ಇದ್ದಾರೆ ಎಂದು ಓಣಿ ಓಣಿಯಲ್ಲಿ ಲೆಕ್ಕ ಹಾಕಲು ಸರಕಾರದ ಗಣತಿಗೆ ಕಾಯಬೇಕಿಲ್ಲ.

ರೈಲಿನ ಮಾತೂ ಮುಗಿದಿಲ್ಲ. ಹೊಟಗಿಯ ಹಾದಿ 2008ರ ಕೊನೆಯಲ್ಲಿ ಪೂರ್ತಿಯಾಗಿ ಬ್ರಾಡ್‌ಗೇಜ್ ಆಯಿತು. ಗದಗಿನಿಂದ ಯಲವಿಗಿಗೆ ಶಿರಹಟ್ಟಿ, ಲಕ್ಷ್ಮೇಶ್ವರಗಳ ಮೇಲೆ ಹೊಸ ಮಾರ್ಗ ಬೇಕೆಂಬ ಬೇಡಿಕೆ ಬಹಳ ವರ್ಷಗಳದ್ದು. ಎರಡು ಹಳಿಗಳ ನಡುವೆ ಉಳಿದುಹೋದ ಊರುಗಳ ಬೇಡಿಕೆ ಅದು. ಲಕ್ಷ್ಮೇಶ್ವರದವರು ಇಂದಿಗೂ ರೈಲು ಹತ್ತಬೇಕಾದರೆ ಮೊದಲು ಬಸ್ಸು ಹತ್ತಬೇಕು.